ತೋಳಿನ ಲಾಂಛನ, ಜೇಬಿನ ನೋಟು

ರಾಷ್ಟ್ರಗಳು ತಮ್ಮ ಯುದ್ಧಗಳ ಸ್ಮಾರಕಗಳನ್ನು ಕಲ್ಲಿನಲ್ಲಿಯೂ ಕಂಚಿನಲ್ಲಿಯೂ ನಿಲ್ಲಿಸುತ್ತವೆ. ಆ ಯುದ್ಧಗಳಲ್ಲಿ ಹೋರಾಡಿ, ದೈವವಶದಿಂದ ಬದುಕಿ, ಸಮುದ್ರ ದಾಟಿ ಮನೆಗೆ ಮರಳಿದ ಸಾಮಾನ್ಯ ಸಿಪಾಯಿಯಾದರೋ ತನ್ನ ಪಾಲಿನ ಸ್ಮಾರಕವನ್ನು ಟ್ರಂಕಿನ ತಳದಲ್ಲಿ ಇರಿಸಿಕೊಂಡಿರುತ್ತಾನೆ: ಅಂಗಿಯ ತೋಳಿನಿಂದ ಬಿಚ್ಚಿ ತೆಗೆದ ಅಂಗೈಯಗಲದ ಒಂದು ಲಾಂಛನ, ಸಂಗಡಿಗರು ಸಹಿ ಹಾಕಿದ ಒಂದು ನೋಟು, ಕೊರಳಿನಲ್ಲಿ ತೂಗಿದ್ದ ಹೆಸರಿನ ಬಿಲ್ಲೆ, ಯಾವುದೋ ಪರದೇಶದ ಪೇಟೆಯಲ್ಲಿ ಕೊಂಡ ಸಿಗರೇಟಿನ ಡಬ್ಬಿ. ಅವನು ತೀರಿಕೊಂಡ ಮೇಲೆ, ಆ ವಸ್ತುಗಳ ಅರ್ಥವನ್ನರಿಯದ ಮಕ್ಕಳೋ ಮೊಮ್ಮಕ್ಕಳೋ ಟ್ರಂಕನ್ನು ತೆರೆದು, ಒಂದಷ್ಟನ್ನು ಉಳಿಸಿಕೊಂಡು, ಉಳಿದದ್ದನ್ನು ಹರಾಜಿಗೆ ಕೊಟ್ಟುಬಿಡುವುದು ಎಲ್ಲ ದೇಶಗಳಲ್ಲಿಯೂ ನಡೆಯುವ ಸಂಗತಿ. ಹೀಗೆ ಮನೆಬಿಟ್ಟ ವಸ್ತುಗಳನ್ನು ಆಯ್ದು, ಗುರುತು ಹಚ್ಚಿ, ಕಾಪಾಡುವುದನ್ನೇ ಜೀವನದ ಪ್ರೀತಿಯ ಕೆಲಸವಾಗಿ ಮಾಡಿಕೊಂಡ ಸಂಗ್ರಾಹಕರು ಅಮೆರಿಕ, ಇಂಗ್ಲೆಂಡ್ ಮೊದಲಾದ ಕಡೆಗಳಲ್ಲಿ ಬಹುಮಂದಿ ಇದ್ದಾರೆ. ಅಮೆರಿಕದ ಸೇನಾಲಾಂಛನ ಸಂಗ್ರಾಹಕರು 1937ರಷ್ಟು ಹಿಂದೆಯೇ ತಮ್ಮದೊಂದು ಸಂಘವನ್ನು ಕಟ್ಟಿಕೊಂಡರು. 1943ರ ಜೂನ್ ತಿಂಗಳಲ್ಲಿ ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆಯು ಆ ದೇಶದ ಸೈನ್ಯದ ನೂರಾರು ಲಾಂಛನಗಳನ್ನು ಬಣ್ಣದಲ್ಲಿ ಅಚ್ಚುಹಾಕಿ ಹೊರಡಿಸಿದ ಮೇಲೆ ಈ ಆಸಕ್ತಿ ಶಾಲೆಯ ಹುಡುಗರವರೆಗೂ ಹಬ್ಬಿತು.

ತೋಳಿನ ಲಾಂಛನವು ಹುಟ್ಟಿದ್ದು ಗುರುತಿನ ಅಗತ್ಯದಿಂದ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1862ರಲ್ಲಿ, ಫಿಲಿಪ್ ಕಿಯರ್ನಿ ಎಂಬ ಸೇನಾನಿಯು ತನ್ನ ಅಧಿಕಾರಿಗಳು ಬೇರೆಯವರೊಡನೆ ಬೆರೆತುಹೋಗದಂತೆ ಅವರ ಟೋಪಿಗಳಿಗೆ ಕೆಂಪು ಬಟ್ಟೆಯ ತುಂಡನ್ನು ಹೊಲಿಸಿದನು. ಮರುವರ್ಷ ಜನರಲ್ ಹೂಕರ್ ಒಂದೊಂದು ಸೇನಾವಿಭಾಗಕ್ಕೂ ಒಂದೊಂದು ಆಕೃತಿಯನ್ನು ಗೊತ್ತುಮಾಡಿದನು. ಆ ಯುದ್ಧ ಮುಗಿದ ಮೇಲೆ ಪದ್ಧತಿಯು ಮೂಲೆಗೆ ಬಿದ್ದಿತ್ತು. 1918ರಲ್ಲಿ, ದಕ್ಷಿಣ ಕೆರೊಲೈನಾದ ಕ್ಯಾಂಪ್ ಜಾಕ್ಸನ್ನಿನಲ್ಲಿ ತರಬೇತಿ ಪಡೆದ 81ನೆಯ ಡಿವಿಷನ್ನಿನ ಸೈನಿಕರು ತೋಳಿನ ಮೇಲೆ ಕಾಡುಬೆಕ್ಕಿನ ಚಿತ್ರವನ್ನು ಹೊಲಿಸಿಕೊಂಡು ಫ್ರಾನ್ಸಿಗೆ ಹೊರಟಾಗ, ಇವರಿಗೆ ಈ ಅಧಿಕಾರವನ್ನು ಕೊಟ್ಟವರಾರೆಂದು ಇತರ ದಳಗಳು ಆಕ್ಷೇಪಿಸಿದವು. ಮಹಾದಂಡನಾಯಕ ಪರ್ಶಿಂಗ್ ಆ ಬೆಕ್ಕನ್ನು ಕೀಳಿಸಲಿಲ್ಲ. ಒಂದು ಬಟ್ಟೆಯ ಚೂರು ಸೈನಿಕರಲ್ಲಿ ಹುಟ್ಟಿಸುವ ಅಭಿಮಾನವನ್ನು ಕಂಡು, ಅಕ್ಟೋಬರಿನಲ್ಲಿ ಪ್ರತಿಯೊಂದು ಡಿವಿಷನ್ನೂ ತನಗೊಂದು ಲಾಂಛನವನ್ನು ಆರಿಸಿಕೊಳ್ಳಬೇಕೆಂದು ಆಜ್ಞೆ ಮಾಡಿದನು. ಇಪ್ಪತ್ತನೆಯ ಶತಮಾನದ ಪದ್ಧತಿಯ ಆರಂಭ ಅದು.

ಬ್ರಿಟಿಷ್ ಆಳಿಕೆಯ ಇಂಡಿಯನ್ ಸೈನ್ಯವೂ ಎರಡನೆಯ ಮಹಾಯುದ್ಧದಲ್ಲಿ ಇದೇ ದಾರಿಯನ್ನು ಹಿಡಿಯಿತು. ಆಫ್ರಿಕದಲ್ಲಿ ಕೀರ್ತಿ ಗಳಿಸಿದ 4ನೆಯ ಡಿವಿಷನ್ನಿನದು ಕೆಂಪು ಗರುಡ, ಬರ್ಮಾದಿಂದ ಹಿಮ್ಮೆಟ್ಟಿ ಮತ್ತೆ ಬರ್ಮಾಕ್ಕೆ ನುಗ್ಗಿದ 17ನೆಯದರದು ಕರಿಯ ಬೆಕ್ಕು, 7ನೆಯದರದು ಚಿನ್ನದ ಬಣ್ಣದ ಬಾಣ. ಜನರಲ್ ಸ್ಲಿಮ್ ಅವರ 14ನೆಯ ಸೈನ್ಯಕ್ಕೆ ಕೆಂಪು ಗುರಾಣಿಯ ಮೇಲೆ ಕೆಳಮುಖವಾದ ಖಡ್ಗ. ಖಡ್ಗದ ಮೊನೆ ಮೇಲ್ಮುಖವಾಗಿರಬೇಕೆಂಬುದು ಲಾಂಛನಶಾಸ್ತ್ರದ ಸಂಪ್ರದಾಯವಾದರೂ, ಬರ್ಮಾದೇಶವನ್ನು ಉತ್ತರದಿಂದ ಕೆಳಗಿಳಿದು ಗೆಲ್ಲಬೇಕಾಗಿತ್ತಾದುದರಿಂದ ಹಾಗೆ ರೂಪಿಸಿದರೆಂದು ಅರ್ಥ ಹೇಳುವುದುಂಟು. ಕನ್ನಡಿಗರು ವಿಶೇಷವಾಗಿ ನೆನೆಯಬೇಕಾದದ್ದು ಇಸ್ಪೇಟಿನ ಎಕ್ಕ. ಈ ಚಿಹ್ನೆಯನ್ನು ಧರಿಸಿದ 25ನೆಯ ಡಿವಿಷನ್ 1942ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡು, ದಕ್ಷಿಣದಲ್ಲಿ ತರಬೇತಿ ಪಡೆದು, ಅರಾಕಾನಿನ ಕಾಡುಗಳಲ್ಲಿ ಹೋರಾಡಿತು. ಮುಂದೆ ಜನರಲ್ ಆದ ಕೊಡಗಿನ ತಿಮ್ಮಯ್ಯನವರು, ರಣರಂಗದಲ್ಲಿ ಬ್ರಿಗೇಡೊಂದನ್ನು ನಡೆಸಿದ ಮೊದಲ ಭಾರತೀಯರೆಂಬ ಹೆಸರನ್ನು ಪಡೆದದ್ದು ಈ ಡಿವಿಷನ್ನಿನಲ್ಲಿಯೇ. ಆ ಕರಿಯ ಎಕ್ಕದ ಬಟ್ಟೆಯ ತುಂಡು ಲಂಡನ್ನಿನ ವ್ಯಾಪಾರಿಯೊಬ್ಬನ ಕೈಯಲ್ಲಿ ಕಂಡುಬಂದರೆ, ಅದರ ಚರಿತ್ರೆಯ ಮೊದಲ ಪುಟ ಬೆಂಗಳೂರಿನದೆಂದು ನಮಗೆ ಗೊತ್ತಿರಬೇಕು.

ಆದರೆ ಲಾಂಛನಗಳ ಪ್ರಪಂಚದಲ್ಲಿ ನಮ್ಮ ದೇಶದ ಕೈಗುರುತು ಅತ್ಯಂತ ಸ್ಪಷ್ಟವಾಗಿ ಮೂಡಿರುವುದು ಪರಕೀಯ ಸೈನಿಕರ ತೋಳಿನ ಮೇಲೆ. 1942ರಲ್ಲಿ ಜಪಾನೀಯರು ಬರ್ಮಾವನ್ನು ಆಕ್ರಮಿಸಿ, ಚೀನಕ್ಕೆ ಹೋಗುತ್ತಿದ್ದ ಭೂಮಾರ್ಗವನ್ನು ಕಡಿದುಹಾಕಿದಾಗ, ಚೀನವನ್ನು ಯುದ್ಧದಲ್ಲಿ ಉಳಿಸಿಕೊಳ್ಳಬೇಕೆಂಬ ಸಂಕಲ್ಪದಿಂದ ಅಮೆರಿಕನ್ನರು ಅಸ್ಸಾಮಿನ ಚಬುವಾ, ಜೋರ್ಹಾಟ್ ಮೊದಲಾದ ನೆಲೆಗಳಿಂದ ಹಿಮಾಲಯದ ಪೂರ್ವಶ್ರೇಣಿಗಳನ್ನು ಹಾರಿ ಕುನ್ಮಿಂಗ್ ನಗರಕ್ಕೆ ಸಾಮಗ್ರಿ ಸಾಗಿಸಿದರು. ‘ಹಂಪ್’ ಎಂದು ವೈಮಾನಿಕರು ಕರೆದ ಆ ಪರ್ವತಪಥದಲ್ಲಿ ನೂರಾರು ವಿಮಾನಗಳು ನಾಶವಾದವು. ಕೆಳಗೆ, ಲೆಡೋ ಎಂಬಲ್ಲಿಂದ ಕಾಡನ್ನೂ ಕೆಸರನ್ನೂ ಸೀಳಿಕೊಂಡು ಹೊಸ ರಸ್ತೆಯೊಂದು ಬೆಳೆಯಿತು. ಕುನ್ಮಿಂಗಿನವರೆಗೆ ಸುಮಾರು 1,736 ಕಿಲೋಮೀಟರ್ ಉದ್ದದ ಆ ಮಾರ್ಗವನ್ನು ಹಿಡಿದು ಮೊದಲ ಲಾರಿಗಳ ಸಾಲು ಗುರಿ ಮುಟ್ಟಿದ್ದು 1945ರ ಫೆಬ್ರವರಿಯಲ್ಲಿ. ಇದಿಷ್ಟೂ ಸೇರಿ ‘ಚೀನ-ಬರ್ಮಾ-ಇಂಡಿಯಾ ರಣಕ್ಷೇತ್ರ’ವೆಂದು ಹೆಸರಾಯಿತು. ಅದರ ಲಾಂಛನವು ಗುರಾಣಿಯ ಆಕಾರದ್ದು: ಕೆಳಗೆ ಅಮೆರಿಕದ ಧ್ವಜದ ಕೆಂಪು ಬಿಳಿ ಪಟ್ಟೆಗಳು, ಮೇಲೆ ನೀಲಿಯ ನೆಲದಲ್ಲಿ ಒಂದು ಕಡೆ ಚೀನದ ಹನ್ನೆರಡು ಕಿರಣಗಳ ಬಿಳಿಯ ಸೂರ್ಯ, ಇನ್ನೊಂದು ಕಡೆ ಇಂಡಿಯಾದ ನಕ್ಷತ್ರ.

ಇದರ ಆಕಾರವನ್ನಾಗಲಿ ಅಳತೆಯನ್ನಾಗಲಿ ಬಿಗಿಯಾಗಿ ಪಾಲಿಸುವವರಿರಲಿಲ್ಲ. ಯುದ್ಧಸಾಮಗ್ರಿಗೇ ಹಡಗು ಸಾಲದಿದ್ದ ಕಾಲದಲ್ಲಿ ತೋಳಿನ ಚಿಹ್ನೆಗಳು ಅಮೆರಿಕದಿಂದ ಬರುವ ತನಕ ಕಾಯುವವರಾರು? ಸೈನಿಕರು ತಮ್ಮ ಬೀಡಿನ ಹತ್ತಿರದ ಪೇಟೆಗೆ ಹೋಗಿ ಅಲ್ಲಿಯ ದರ್ಜಿಗೆ ಒಂದು ಮಾದರಿಯನ್ನು ತೋರಿಸಿದರು. ನವಾಬರ ಅಂಗರಖಾಗಳಿಗೂ ಆನೆಯ ಜೂಲುಗಳಿಗೂ ಬ್ರಿಟಿಷ್ ಅಧಿಕಾರಿಗಳ ಮೇಳದ ಉಡುಪಿಗೂ ತಲೆಮಾರುಗಳಿಂದ ಜರತಾರಿಯ ಕೆಲಸ ಮಾಡುತ್ತ ಬಂದಿದ್ದ ಜರ್ದೋಜಿ ಕುಶಲಿಗಳಿಗೆ ಅದೇನೂ ಕಠಿನವಾದ ಕಾರ್ಯವಾಗಿರಲಿಲ್ಲ. ಹೀಗಾಗಿ ಕಲ್ಕತ್ತಾ, ದೆಹಲಿ, ಕರಾಚಿಗಳ ಓಣಿಗಳಿಂದ ಈ ಲಾಂಛನದ ನಾನಾ ರೂಪಗಳು ಹೊರಬಿದ್ದವು: ರೇಷ್ಮೆಯ ದಾರದವು, ಉಣ್ಣೆಯ ಬಟ್ಟೆಯ ಮೇಲೆ ಹೊಲಿದವು, ವೈಮಾನಿಕರ ಜಾಕೀಟಿಗೆಂದು ಚರ್ಮದ ಮೇಲೆ ಬಣ್ಣ ಹಚ್ಚಿದವು, ಎಲ್ಲಕ್ಕಿಂತ ಹೆಚ್ಚಾಗಿ ಬೆಳ್ಳಿಬಂಗಾರದ ನೀರು ಕೊಟ್ಟ ತಂತಿಯಿಂದ ಕಸೂತಿಯಾದವು.

ಅಂಥದೊಂದನ್ನು ಕೈಯಲ್ಲಿ ಹಿಡಿದು ನೋಡಬೇಕು. ಮರದ ಚೌಕಟ್ಟಿಗೆ ಬಟ್ಟೆಯನ್ನು ಬಿಗಿದು, ನಕ್ಷತ್ರ ಬರಬೇಕಾದ ಸ್ಥಳದಲ್ಲಿ ಹತ್ತಿಯ ದಾರವನ್ನೋ ಕಾಗದದ ತುಂಡನ್ನೋ ಒತ್ತಿಟ್ಟು ಸ್ವಲ್ಪ ಎತ್ತರಿಸಿ, ಸುರುಳಿಯಾದ ಲೋಹದ ತಂತಿಯನ್ನು ಜೀರಿಗೆಯುದ್ದದ ಚೂರುಗಳಾಗಿ ಕತ್ತರಿಸಿ, ಒಂದೊಂದು ಚೂರನ್ನೂ ಮಣಿ ಪೋಣಿಸುವಂತೆ ಸೂಜಿಗೆ ಪೋಣಿಸಿ ಆ ಎತ್ತರದ ಮೇಲೆ ಹಾಯಿಸಿ ಕೂಡಿಸಿರುತ್ತಾರೆ. ಆದುದರಿಂದ ನಕ್ಷತ್ರವು ಬಟ್ಟೆಯಿಂದ ಉಬ್ಬಿ ನಿಂತು, ಬೆರಳಿಗೆ ಸಿಗುತ್ತದೆ. ಸೂರ್ಯನ ಹನ್ನೆರಡು ಕಿರಣಗಳು ಎಲ್ಲದರಲ್ಲಿಯೂ ಹನ್ನೆರಡಾಗಿರುವುದಿಲ್ಲ. ಕೆಲವರು ಹತ್ತಕ್ಕೇ ಮುಗಿಸಿದ್ದಾರೆ, ಕೆಲವರು ಹದಿನಾರಕ್ಕೆ ಏರಿಸಿದ್ದಾರೆ. ಹಿಂಬದಿಯನ್ನು ತಿರುಗಿಸಿದರೆ ಗಂಟುಗಳನ್ನು ಮುಚ್ಚಲು ಅಂಟಿಸಿದ ಕಾಗದವೋ ಒರಟು ಹತ್ತಿಬಟ್ಟೆಯೋ ಕಾಣುತ್ತದೆ. ಲೋಹದ ಕಸೂತಿಯು ಅಗಸನ ಕಲ್ಲಿನ ಪೆಟ್ಟನ್ನು ತಾಳಲಾರದೆಂದು, ಬಟ್ಟೆ ಒಗೆಯುವಾಗ ಕಳಚಿಡುವುದಕ್ಕೆ ಟಿಚ್ ಬಟನ್‌ಗಳನ್ನು ಹೊಲಿದಿರುವುದೂ ಉಂಟು. ಎಂಬತ್ತು ವರ್ಷಗಳ ಗಾಳಿಗೆ ತಂತಿಯು ಕಪ್ಪಾಗಿದೆ. ಅದನ್ನು ಧರಿಸಿದವನು ಯಾವ ಊರಿನವನೆಂದು ಒಮ್ಮೊಮ್ಮೆ ತಿಳಿಯುತ್ತದೆ. ಅದನ್ನು ಹೊಲಿದ ಕೈ ಯಾರದೆಂದು ಎಲ್ಲಿಯೂ ಬರೆದಿಲ್ಲ. ಸೂಜಿಯ ನಡೆ, ತಂತಿಯ ಜಾತಿ, ಹಿಂಬದಿಯ ಬಟ್ಟೆ ಇವುಗಳನ್ನು ಹೋಲಿಸಿ ನೋಡಿ, ‘ಇದೂ ಅದೂ ಒಂದೇ ಅಂಗಡಿಯ ಕೆಲಸ’ ಎಂದು ನಿರ್ಣಯಿಸುವಷ್ಟು ಸೂಕ್ಷ್ಮದೃಷ್ಟಿಯನ್ನು ಅಮೆರಿಕದ ಸಂಗ್ರಾಹಕರು ಬೆಳೆಸಿಕೊಂಡಿದ್ದಾರೆ. ನಮ್ಮ ಕಸಬುದಾರನ ಕೈಯನ್ನು ಇಷ್ಟು ಗೌರವದಿಂದ ಅಭ್ಯಾಸ ಮಾಡುತ್ತಿರುವವರು ಅವರೆಂಬುದನ್ನು ನಾನು ಕೃತಜ್ಞತೆಯಿಂದ ಹೇಳುತ್ತೇನೆ. ಆ ಅಭ್ಯಾಸವನ್ನು ನಾವೂ ಮಾಡಬೇಕಾಗಿತ್ತು.

ಈ ಲಾಂಛನವನ್ನು ಧರಿಸಿದವರು ಬೆಂಗಳೂರಿನಲ್ಲಿಯೂ ಇದ್ದರು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಯೋಗದೊಡನೆ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1943ರಲ್ಲಿ ಅಮೆರಿಕದ ವಾಯುಸೇನೆಯ ಆಡಳಿತಕ್ಕೆ ಬಂದು, 84ನೆಯ ಏರ್ ಡಿಪೋ ಎಂಬ ಹೆಸರಿನಲ್ಲಿ ಚೀನ-ಬರ್ಮಾ-ಇಂಡಿಯಾ ರಣಕ್ಷೇತ್ರದ ವಿಮಾನಗಳಿಗೆ ದೊಡ್ಡ ದುರಸ್ತಿಯ ಕೇಂದ್ರವಾಯಿತು. ಸಾಮಾನು ಹೊರುವ ಡಕೋಟಗಳೂ, ನೀರಿನಲ್ಲಿಳಿಯುವ ಕ್ಯಾಟಲೀನಗಳೂ, ಅವುಗಳ ಎಂಜಿನ್ನುಗಳೂ ಇಲ್ಲಿ ಬಿಚ್ಚಿ ಕೂಡಿಸಲ್ಪಟ್ಟು ಮತ್ತೆ ಯುದ್ಧಕ್ಕೆ ತೆರಳಿದವು. ಮೈಸೂರು ಸಂಸ್ಥಾನದ ತರುಣರು ವಿಮಾನದ ಕಸಬನ್ನು ಕಲಿತದ್ದು ತೋಳಿನ ಮೇಲೆ ಸೂರ್ಯನಕ್ಷತ್ರಗಳನ್ನು ಧರಿಸಿದ ಮೆಕ್ಯಾನಿಕ್ಕುಗಳ ಪಕ್ಕದಲ್ಲಿ ನಿಂತು.

ಲಾಂಛನವು ಸೈನ್ಯದ ಕಥೆಯನ್ನು ಹೇಳುತ್ತದೆಯಾದರೆ, ಮನುಷ್ಯನ ಕಥೆಗೆ ಅವನ ಜೇಬನ್ನು ನೋಡಬೇಕು. ಅಮೆರಿಕದ ವೈಮಾನಿಕರಲ್ಲಿ ‘ಷಾರ್ಟ್ ಸ್ನಾರ್ಟರ್’ ಎಂಬೊಂದು ಪದ್ಧತಿಯಿತ್ತು. ಅಲಾಸ್ಕದ ಹಾರಾಟಗಾರರಲ್ಲಿ 1920ರ ದಶಕದಲ್ಲಿ ಹುಟ್ಟಿತೆಂದು ಹೇಳುವ ಈ ಆಚಾರದಂತೆ, ಜೊತೆಯಲ್ಲಿ ಹಾರಿದವರು ಒಬ್ಬರ ನೋಟಿನ ಮೇಲೆ ಇನ್ನೊಬ್ಬರು ಸಹಿ ಮಾಡುತ್ತಿದ್ದರು. ಮುಂದೆ ಎಲ್ಲಿಯಾದರೂ ಭೇಟಿಯಾದಾಗ ಆ ನೋಟನ್ನು ಜೇಬಿನಿಂದ ತೆಗೆದು ತೋರಿಸಲಾರದವನು ಎಲ್ಲರಿಗೂ ಪಾನೀಯ ಕೊಡಿಸಬೇಕಾಗಿತ್ತು. ಯುದ್ಧಕಾಲದಲ್ಲಿ ಸಮುದ್ರವನ್ನು ವಿಮಾನದಲ್ಲಿ ದಾಟಿದ ಬಹುಮಂದಿ ಇದನ್ನು ಅನುಸರಿಸಿದರು. ಒಂದು ದೇಶದ ನೋಟು ತುಂಬಿದ ಮೇಲೆ ಮತ್ತೊಂದು ದೇಶದ್ದನ್ನು ಅದರ ಅಂಚಿಗೆ ಅಂಟುಪಟ್ಟಿಯಿಂದ ಸೇರಿಸುತ್ತ, ಬ್ರಜಿಲ್, ಈಜಿಪ್ಟ್, ಇರಾನ್ ಇವುಗಳನ್ನು ಕಳೆದು ಆರನೆಯ ಜಾರ್ಜ್ ದೊರೆಯ ಮುಖವಿರುವ ನಮ್ಮ ಒಂದು ರೂಪಾಯಿಗೂ, ಅಲ್ಲಿಂದ ಚೀನದ ಯುಆನ್‌ಗೂ ಬರುವಷ್ಟರಲ್ಲಿ ಅದು ಹಲವು ಮೊಳದ ಸುರುಳಿಯಾಗುತ್ತಿತ್ತು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರ ಆಪ್ತ ಹ್ಯಾರಿ ಹಾಪ್‌ಕಿನ್ಸರ ನೋಟಿನ ಮೇಲೆ 1943ರ ಕಾಸಾಬ್ಲಾಂಕಾ ಸಮ್ಮೇಳನದ ಕಾಲದ ರೂಸ್‌ವೆಲ್ಟ್ ಮತ್ತು ಚರ್ಚಿಲ್ಲರ ಸಹಿಗಳಿವೆ. ಆದರೆ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದವು ಪ್ರಖ್ಯಾತರಾರೂ ಇಲ್ಲದ ನೋಟುಗಳು. ಶಾಯಿಯಿಂದ, ಪೆನ್ಸಿಲಿನಿಂದ, ವಿಮಾನದ ಅಲುಗಾಟಕ್ಕೆ ಓರೆಯಾದ ಅಕ್ಷರಗಳಲ್ಲಿ ಇಪ್ಪತ್ತು ವರ್ಷದ ಹುಡುಗರು ಬರೆದ ಹೆಸರುಗಳನ್ನು ಸಂಗ್ರಾಹಕರು ಒಂದೊಂದಾಗಿ ಓದಿ, ಹಳೆಯ ಸೇನಾದಾಖಲೆಗಳಲ್ಲಿ ಹುಡುಕಿ, ಯಾವ ದಿನ ಯಾವ ವಿಮಾನದಲ್ಲಿ ಯಾರು ಯಾರು ಕೂಡಿದ್ದರೆಂಬುದನ್ನು ಕಂಡುಹಿಡಿಯುತ್ತಾರೆ. ಆ ಹೆಸರುಗಳಲ್ಲಿ ಕೆಲವು ಹಂಪ್ ಪರ್ವತಗಳಲ್ಲಿ ಕಾಣೆಯಾದವರವು. ಅರುಣಾಚಲದ ಬೆಟ್ಟಗಳಲ್ಲಿ ಇಂದಿಗೂ ಆಗಾಗ ಆ ವಿಮಾನಗಳ ಅವಶೇಷಗಳು ದೊರೆಯುತ್ತವೆ. ಅವುಗಳಿಗಾಗಿಯೇ ಪಾಸಿಘಾಟಿನಲ್ಲಿ 2023ರಲ್ಲಿ ಒಂದು ಸಂಗ್ರಹಾಲಯವು ತೆರೆದಿದೆ.

ಅದೇ ವೈಮಾನಿಕರ ಜಾಕೀಟಿನ ಬೆನ್ನಿಗೋ ಒಳಮೈಗೋ ಹೊಲಿದಿರುತ್ತಿದ್ದ ಅಭಯಪತ್ರವೂ ಬಹು ಬೆಲೆಯುಳ್ಳ ವಸ್ತು. ‘ಫ್ಲೈಯಿಂಗ್ ಟೈಗರ್ಸ್’ ಎಂದು ಪ್ರಸಿದ್ಧರಾಗಿ 1942ರ ಜುಲೈವರೆಗೆ ಚೀನದ ಪರವಾಗಿ ಹೋರಾಡಿದ ಅಮೆರಿಕದ ಸ್ವಯಂಸೇವಕರದು ರೇಷ್ಮೆಯದು: ಮೇಲೆ ಚೀನದ ಧ್ವಜ, ಕೆಳಗೆ ಚೀನೀ ಲಿಪಿಯಲ್ಲಿ, ಈ ಪರದೇಶಿಯು ನಮ್ಮ ನೆರವಿಗೆ ಬಂದವನು, ಸೈನಿಕರೂ ಪ್ರಜೆಗಳೂ ಇವನನ್ನು ರಕ್ಷಿಸತಕ್ಕದ್ದು ಎಂಬ ಬಿನ್ನಹ, ಅದರೊಡನೆ ಒಂದು ಕ್ರಮಸಂಖ್ಯೆ. ಭಾಷೆಯರಿಯದ ನಾಡಿನಲ್ಲಿ ಆಕಾಶದಿಂದ ಬೀಳಬಹುದಾದ ಮನುಷ್ಯನು ತನ್ನ ಪ್ರಾಣವನ್ನು ಅಪರಿಚಿತ ರೈತನ ಕರುಣೆಗೆ ಒಪ್ಪಿಸುವ ಪತ್ರ ಅದು.

ಇದಕ್ಕೂ ಒಂದು ತಲೆಮಾರಿನ ಹಿಂದೆ, ಮೊದಲ ಮಹಾಯುದ್ಧದಲ್ಲಿ, 1914ರ ಕ್ರಿಸ್‌ಮಸ್ಸಿಗೆ, ಬ್ರಿಟನ್ನಿನ ಹದಿನೇಳು ವರ್ಷದ ರಾಜಕುಮಾರಿ ಮೇರಿಯ ಹೆಸರಿನಲ್ಲಿ ಕೂಡಿಸಿದ ನಿಧಿಯಿಂದ ಹಿತ್ತಾಳೆಯ ಪುಟ್ಟ ಪೆಟ್ಟಿಗೆಗಳು ಬ್ರಿಟಿಷ್ ಸಾಮ್ರಾಜ್ಯದ ಸೈನಿಕರಿಗೆ ಹಂಚಲ್ಪಟ್ಟವು. ಒಟ್ಟು ಇಪ್ಪತ್ತೈದು ಲಕ್ಷಕ್ಕೂ ಮೀರಿ ಹೋದವೆಂದು ಲೆಕ್ಕ. ಇಂಗ್ಲಿಷ್ ಸಿಪಾಯಿಯ ಪೆಟ್ಟಿಗೆಯಲ್ಲಿ ಹೊಗೆಸೊಪ್ಪೂ ಸಿಗರೇಟೂ ಇದ್ದವು. ಫ್ರಾನ್ಸಿನ ಕೆಸರುಕಂದಕಗಳಲ್ಲಿ ಚಳಿಗೆ ನಡುಗುತ್ತಿದ್ದ ಇಂಡಿಯನ್ ಸೈನಿಕರ ವಿಷಯದಲ್ಲಿಯಾದರೋ ಆಚಾರವಿಚಾರಗಳನ್ನು ಯೋಚಿಸಿ, ಹೊಗೆಸೊಪ್ಪನ್ನು ಮುಟ್ಟದ ಸಿಖ್ಖರಿಗೆ ಕಲ್ಲುಸಕ್ಕರೆಯನ್ನೂ ಮಸಾಲೆ ಸಾಮಾನಿನ ಡಬ್ಬಿಯನ್ನೂ, ಉಳಿದ ಇಂಡಿಯನ್ನರಿಗೆ ಇವುಗಳೊಡನೆ ಸಿಗರೇಟನ್ನೂ ಕೊಟ್ಟರು. ಸಿಗರೇಟನ್ನು ಸೇದಿ ಮುಗಿಸಿ, ಆ ಪೆಟ್ಟಿಗೆಯಲ್ಲಿ ಕಾಗದಪತ್ರಗಳನ್ನೂ ಭಾವಚಿತ್ರಗಳನ್ನೂ ಇಟ್ಟುಕೊಂಡವರು ಅಸಂಖ್ಯಾತರು. ಪೆಟ್ಟಿಗೆಯೊಂದೇ ದೊರೆತರೆ ಅದು ಲಕ್ಷಗಳಲ್ಲಿ ಒಂದು. ಒಳಗಿನ ಕಾಗದದೊಡನೆ ದೊರೆತರೆ ಅದು ಒಬ್ಬನದೇ.

ಎಲ್ಲ ಕುರುಹುಗಳೂ ಪ್ರೀತಿಯಿಂದ ಕೈಸೇರಿದವಲ್ಲ. ಸತ್ತ ಶತ್ರುವಿನ ಮೈಮೇಲಿಂದ ತೆಗೆದುಕೊಂಡದ್ದೂ ಬಹಳವಿದೆ, ಅದರಲ್ಲಿ ನನಗೆ ಅತ್ಯಂತ ಸಂಕಟವನ್ನುಂಟುಮಾಡುವುದು ಜಪಾನೀ ಸೈನಿಕರ ಬಾವುಟ. ಹುಡುಗನು ಯುದ್ಧಕ್ಕೆ ಹೊರಡುವ ಮುನ್ನ ಬಂಧುಗಳೂ ನೆರೆಯವರೂ ಶಾಲೆಯ ಗುರುಗಳೂ ಕೂಡಿ, ಸೂರ್ಯಬಿಂಬದ ಸುತ್ತಲಿನ ಬಿಳಿಯ ರೇಷ್ಮೆಯ ಮೇಲೆ ಕುಂಚದಿಂದ ತಮ್ಮ ತಮ್ಮ ಹೆಸರುಗಳನ್ನೂ ಹರಕೆಗಳನ್ನೂ ಬರೆದುಕೊಡುತ್ತಿದ್ದರು. ಅದನ್ನು ಮಡಿಸಿ ಅವನು ಅಂಗಿಯೊಳಗೆ ಎದೆಯ ಹತ್ತಿರ ಇಟ್ಟುಕೊಳ್ಳುತ್ತಿದ್ದನು. ತಾಯಿಯೋ ತಂಗಿಯೋ ಬೀದಿಯಲ್ಲಿ ನಿಂತು ಹೋಗಿಬರುವ ಹೆಂಗಸರಿಂದ ಒಂದೊಂದು ಗಂಟು ಹಾಕಿಸಿ ಪೂರೈಸಿದ ಸಾವಿರ ಗಂಟಿನ ನಡುಪಟ್ಟಿಯೂ ಒಡನೆ ಇರುತ್ತಿತ್ತು. ಹುಲಿಯು ಸಾವಿರ ಹರಿದಾರಿ ಹೋದರೂ ಮರಳುವುದೆಂಬ ನಂಬಿಕೆಯಿಂದ, ಹುಲಿಯ ವರ್ಷದಲ್ಲಿ ಹುಟ್ಟಿದ ಹೆಂಗಸು ಮಾತ್ರ ತನ್ನ ವಯಸ್ಸಿನಷ್ಟು ಗಂಟುಗಳನ್ನು ಹಾಕಬಹುದಾಗಿತ್ತು. ಪೆಸಿಫಿಕ್ ದ್ವೀಪಗಳಲ್ಲಿಯೂ ಬರ್ಮಾದಲ್ಲಿಯೂ ಆ ಸೈನಿಕರು ಮಡಿದಾಗ ಗೆದ್ದವರು ಆ ಬಾವುಟಗಳನ್ನು ವಿಜಯಚಿಹ್ನೆಯೆಂದು ಮನೆಗೆ ಕೊಂಡೊಯ್ದರು. ಗೆದ್ದವರನ್ನು ನಾನು ದೂಷಿಸುತ್ತಿಲ್ಲ. ಅವರೂ ಇಪ್ಪತ್ತರ ಹುಡುಗರು, ಸಂಗಡಿಗರನ್ನು ಕಳೆದುಕೊಂಡವರು, ಆ ಅಕ್ಷರಗಳನ್ನು ಓದಲು ಬಾರದವರು. ಹೊರದೇಶಗಳಲ್ಲಿ ಸತ್ತ ಜಪಾನೀಯರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಂದಿಯ ಅಸ್ಥಿಗಳು ಇನ್ನೂ ತಾಯ್ನಾಡಿಗೆ ಮರಳಿಲ್ಲ. ಎಷ್ಟೋ ಮನೆಗಳಿಗೆ ಬಂದ ಬಿಳಿಯ ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ಕಲ್ಲು, ಇಲ್ಲವೆ ಹೆಸರು ಬರೆದ ಚೀಟಿ. ಅಂಥ ಮನೆಗೆ ಆ ಬಾವುಟವು ಮರಳಿದರೆ ಮಗನೇ ಮರಳಿದಂತೆ. ಅಮೆರಿಕದ ಆರೆಗಾನ್ ಪ್ರಾಂತದಲ್ಲಿ 2009ರಲ್ಲಿ ಆರಂಭವಾದ ‘ಓಬೊನ್ ಸೊಸೈಟಿ’ಯು ಬಾವುಟದ ಮೇಲಿನ ಹೆಸರುಗಳನ್ನೂ ದೇವಾಲಯದ ಮುದ್ರೆಗಳನ್ನೂ ಓದಿಸಿ, ಊರನ್ನು ಪತ್ತೆಹಚ್ಚಿ, ನೂರಾರು ಕುಟುಂಬಗಳಿಗೆ ಅವನ್ನು ಉಚಿತವಾಗಿ ತಲುಪಿಸಿದೆ. ಕೊಡುವವರು ಬಹುಪಾಲು ಗೆದ್ದ ಸೈನಿಕರ ಮಕ್ಕಳು, ಮೊಮ್ಮಕ್ಕಳು. ಹೆಸರುಳ್ಳ ವಸ್ತುವಿಗೆ ವಾರಸುದಾರನುಂಟು, ಅವನನ್ನು ಹುಡುಕುವುದು ಸಂಗ್ರಾಹಕನ ಮೊದಲ ಕರ್ತವ್ಯ ಎಂಬುದೇ ನನ್ನ ದೃಢವಾದ ಅಭಿಪ್ರಾಯ. 1941ರ ಕೊನೆಯಿಂದ 1943ರ ನಡುವಿನವರೆಗೆ ಅಮೆರಿಕದ ಸೈನಿಕರ ಕೊರಳಬಿಲ್ಲೆಯ ಮೇಲೆ ಮನೆಯವರ ಹೆಸರೂ ವಿಳಾಸವೂ ಕೊರೆದಿರುತ್ತಿದ್ದವು. ಅಂಥದನ್ನು ಹಿಡಿದುಕೊಂಡು ದಾರಿ ತಿಳಿಯದೆಂದು ಯಾರೂ ಹೇಳುವಂತಿಲ್ಲ.

ಬೆಲೆ ಏರಿದ ಕಡೆ ಮೋಸವೂ ಬರುತ್ತದೆ. 1944ರಲ್ಲಿ ಸುಮಾರು ಮೂರು ಸಾವಿರ ಮಂದಿಯೊಡನೆ ಬರ್ಮಾದ ಕಾಡಿಗೆ ನುಗ್ಗಿ ಮಿಚಿನಾದ ವಿಮಾನನೆಲೆಯನ್ನು ಹಿಡಿದ ಅಮೆರಿಕದ ‘ಮೆರಿಲ್ಸ್ ಮರಾಡರ್ಸ್’ ದಳದ ಲಾಂಛನವು ಅಧಿಕೃತವಾಗಿ ಮಂಜೂರಾದದ್ದಲ್ಲ. ನಿಜವಾದವು ಅತ್ಯಲ್ಪ, ನಕಲುಗಳೇ ಬಹಳ. ಅದರ ಸೂರ್ಯ, ನಕ್ಷತ್ರ, ಮಿಂಚುಗಳು ಇಂದಿಗೂ ಅಮೆರಿಕದ 75ನೆಯ ರೇಂಜರ್ ರೆಜಿಮೆಂಟಿನ ಚಿಹ್ನೆಯಲ್ಲಿ ಉಳಿದಿರುವುದರಿಂದ ಅದನ್ನು ಬಯಸುವವರಿಗೆ ಕೊರತೆಯಿಲ್ಲ. ಹೊಸ ಬಟ್ಟೆಯನ್ನು ಚಹಾದ ನೀರಿನಲ್ಲಿ ಅದ್ದಿ ಹಳತುಮಾಡುವವರಿದ್ದಾರೆ. ಪರೀಕ್ಷಿಸುವವರು ಕತ್ತಲೆಯ ಕೋಣೆಯಲ್ಲಿ ನೇರಳಾತೀತ ದೀಪವನ್ನು ಹಿಡಿಯುತ್ತಾರೆ: ಬಿಳುಪನ್ನು ಹೆಚ್ಚಿಸುವ ರಾಸಾಯನಿಕಗಳು ವ್ಯಾಪಕವಾಗಿ ಬಳಕೆಗೆ ಬಂದದ್ದು ಯುದ್ಧಾನಂತರವಾದುದರಿಂದ, ಈಚಿನ ದಾರವು ಸಾಮಾನ್ಯವಾಗಿ ಆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ, ಹಳೆಯದು ಮಂಕಾಗಿಯೇ ಉಳಿಯುತ್ತದೆ. ಯುದ್ಧಕಾಲದಲ್ಲಿ ಅಮೆರಿಕದ ಯಂತ್ರಗಳು ಹೊಲಿದ ಲಾಂಛನಗಳ ಅಂಚು ಕತ್ತರಿಸಿದ್ದು. ದಪ್ಪನೆಯ ದಾರದಿಂದ ಸುತ್ತಿದ ಅಂಚಿದ್ದರೆ ಅದು ಸಾಮಾನ್ಯವಾಗಿ ಬಹು ಈಚಿನದು. ಇಂಥ ಪರೀಕ್ಷೆಗಳೆಲ್ಲ ವಸ್ತುವಿನ ವಯಸ್ಸನ್ನು ಹೇಳಬಲ್ಲವು. ಅದು ಯಾರ ತೋಳಿನ ಮೇಲಿತ್ತೆಂಬುದನ್ನು ಹೇಳಲು ಮಾತ್ರ ಅವಕ್ಕೆ ಶಕ್ತಿಯಿಲ್ಲ; ಅದಕ್ಕೆ ಮನೆಯವರ ಮಾತೇ ಬೇಕು.

ಇಂಥ ವಸ್ತುಗಳನ್ನು ಮನೆಯ ನೆನಪಿನೊಡನೆ ಕಾಪಾಡುವ ಕೆಲಸವು ಕೊಡಗಿನಲ್ಲಿ ನಡೆದಿದೆ: ಮಡಿಕೇರಿಯ ‘ಸನ್ನಿಸೈಡ್’ ಮನೆಯು 2021ರಲ್ಲಿ ಜನರಲ್ ತಿಮ್ಮಯ್ಯನವರ ಸಂಗ್ರಹಾಲಯವಾಗಿ, ಅವರ ಉಡುಪೂ ಪದಕಗಳೂ ಅವರು ಬಾಳಿದ ಮನೆಯಲ್ಲಿಯೇ ಉಳಿದುಕೊಂಡಿವೆ. ಸೇನಾನಿಯಲ್ಲದ ಹವಾಲ್ದಾರನ, ನಾಯಕ್ ದರ್ಜೆಯವನ, ಲಾರಿ ಚಾಲಕನ ವಸ್ತುಗಳಿಗೆ ಮನೆಯವರೇ ಸಂಗ್ರಹಾಲಯ. ಅಂಥ ಟ್ರಂಕು ಯಾರ ಮನೆಯಲ್ಲಾದರೂ ಇದ್ದರೆ, ಲಾಂಛನವನ್ನು ಒಗೆಯಬಾರದು. ಕಪ್ಪಾದ ಜರಿಯನ್ನು ಹುಣಸೆಹಣ್ಣಿನಿಂದ ಉಜ್ಜಬಾರದು. ಸಮವಸ್ತ್ರಕ್ಕೆ ಹೊಲಿದಿದ್ದರೆ ಬಿಚ್ಚಬಾರದು. ಪ್ಲಾಸ್ಟಿಕ್ ಚೀಲಕ್ಕೆ ತುಂಬದೆ, ಆಮ್ಲರಹಿತ ಕಾಗದದಲ್ಲಿಯೋ, ಅದು ಸಿಗದಿದ್ದರೆ ಗಂಜಿ ಹೋಗುವಂತೆ ಚೆನ್ನಾಗಿ ಒಗೆದು ಒಣಗಿಸಿದ ಹತ್ತಿಬಟ್ಟೆಯಲ್ಲಿಯೋ ಸುತ್ತಿ, ಬಿಸಿಲೂ ತೇವವೂ ತಾಗದ ಕಡೆ ಇಡಬೇಕು; ಉಣ್ಣೆಯದಾದರೆ ವರ್ಷಕ್ಕೆರಡು ಸಲ ಬಿಡಿಸಿ ನುಸಿ ಹತ್ತಿದೆಯೇ ಎಂದು ನೋಡಬೇಕು. ಎಲ್ಲಕ್ಕೂ ಮೊದಲು, ಮನೆಯ ಹಿರಿಯರು ಇನ್ನೂ ಹೇಳಬಲ್ಲವರಾಗಿರುವಾಗಲೇ ಅವರ ಬಳಿ ಕುಳಿತು, ಧರಿಸಿದವರ ಹೆಸರು, ಹುಟ್ಟಿದ ಊರು, ಸೇರಿದ ದಳ, ಹೋಗಿ ಬಂದ ದೇಶ, ಆ ವಸ್ತು ಕೈಗೆ ಬಂದ ಬಗೆ ಇವಿಷ್ಟನ್ನು ಕೇಳಿ, ಹಾಳೆಯೊಂದರಲ್ಲಿ ಪೆನ್ಸಿಲಿನಿಂದ ಬರೆದು, ತಾರೀಖು ಹಾಕಿ, ವಸ್ತುವಿನೊಡನೆಯೇ ಇಡತಕ್ಕದ್ದು.